ಚಳಿಯನ್ನು ನಂಬಿದ ಕೆಂಚಿ

ಆ ವರ್ಷ ಮಾಗಿಯ ಚಳಿ ಎಷ್ಟು ಬಲವಾಗಿತ್ತೆಂದರೆ ಹೊತ್ತೇರಿದರೂ ಹುಲ್ಲಿನ ಮೇಲಿನ ಇಬ್ಬನಿ ಆರುತ್ತಿರಲಿಲ್ಲ. ಕುರಿಹಟ್ಟಿಯ ನಾಯಿ ಕೆಂಚಿಗೆ ಅದೇ ಸಂತೋಷ. ಮೈಗೆ ಕಚ್ಚಿ ರಕ್ತ ಹೀರುವ ಉಣುಗು ಹೆಕ್ಕಲು ಎಂದಿನಂತೆ ಬಂದ ಗೊರವಂಕ ಹಕ್ಕಿಗೆ ಅವಳು, "ಇನ್ನು ನೀನು ಬರಬೇಡ. ಈ ಚಳಿಗೆ ಉಣುಗಿನ ವಂಶವೇ ನಿರ್ನಾಮವಾಗಿದೆ," ಎಂದಳು.

"ನೀನೂ ನಿನ್ನ ಮರಿಯೂ ಹೇಗೆ ಬದುಕಿದ್ದೀರಿ?" ಎಂದು ಹಕ್ಕಿ ಕೇಳಿತು.

"ತರಗೆಲೆಯ ರಾಶಿಯಲ್ಲಿ ಹುದುಗಿ ಬೆಚ್ಚಗೆ ಮಲಗುತ್ತೇವೆ."

"ಆ ಉಪಾಯ ಉಣುಗಿಗೂ ಗೊತ್ತು, ತಾಯಿ."

ಕೆಂಚಿ ಗುರ್ರೆಂದಳು. ಹಕ್ಕಿ ಹಾರಿಹೋಯಿತು.

ಎಂಟು ದಿನ ಕಳೆಯುವಷ್ಟರಲ್ಲಿ ಮರಿ ಮೊಲೆಗೆ ಬಾಯಿ ಹಾಕುವುದನ್ನೇ ಬಿಟ್ಟಿತು. ಕೆಂಚಿ ಅದರ ಮೈಯೆಲ್ಲ ನೆಕ್ಕಿ ನೋಡಿದಳು. ಕಿವಿಯೊಳಗೆ ಹರಳುಬೀಜದಂತೆ ಊದಿದ ಉಣುಗುಗಳು ಕಚ್ಚಿಕೊಂಡಿದ್ದವು. ಅವಳು ಬಿಂಕ ಬಿಟ್ಟು ಗೊರವಂಕದ ಮರದಡಿಗೆ ಓಡಿ, "ತಪ್ಪಾಯಿತು, ನನ್ನ ಮರಿಯನ್ನು ಉಳಿಸಿಕೊಡು," ಎಂದು ಬೇಡಿದಳು.

ಹಕ್ಕಿ ಹಂಗಿಸಲಿಲ್ಲ. ಬಂದು ಒಂದೊಂದನ್ನೇ ಹೆಕ್ಕಿತು. ಎಡಗಿವಿ ಚೊಕ್ಕವಾಗುತ್ತಲೇ ಮರಿ ಕುಂಯ್‌ಗುಟ್ಟುತ್ತ ಮೊಲೆ ಹುಡುಕಿತು.

"ಈಗಲಾದರೂ ಎಲ್ಲವೂ ಸತ್ತವೇ?" ಎಂದಳು ಕೆಂಚಿ.

"ನನ್ನ ಕೊಕ್ಕಿಗೆ ಸಿಕ್ಕವು ಸತ್ತವು. ಇನ್ನೊಂದು ಕಿವಿ ತೋರಿಸು."

ಕೆಂಚಿ ಮರಿಯ ತಲೆಯನ್ನು ಮೆಲ್ಲಗೆ ಹೊರಳಿಸಿದಳು.