ಬಟ್ಟೆ ಹರವದ ದಿನ

ಒಂದಾನೊಂದು ಕಾಲದಲ್ಲಿ, ಸಮುದ್ರಕ್ಕೆ ಬಾಗಿಲು ಹಾಕೋದು ಯಾವ ರಾಜನಿಗೂ ಗೊತ್ತಿಲ್ಲದ ಕಾಲದಲ್ಲಿ, ಹೊಳೆ ಹೋಗಿ ಕಡಲು ಸೇರೋ ಅಳಿವೆ ಬಾಯಲ್ಲಿ ಒಂದು ಕೋಟೆ ಇತ್ತಂತೆ. ಕಟ್ಟಿಸಿದವನು ನಮ್ಮವನೇ, ಆದ್ರೆ ಫರಂಗಿಯವರು ಬಂದು ಒಳಗೆ ಕೂತರಂತೆ, ಕೂತವರು ಏಳಲೇ ಇಲ್ಲವಂತೆ. ಕೋಟೆ ನೆತ್ತಿ ಮೇಲೆ ಅವರದೊಂದು ಬಾವುಟ. ಉಪ್ಪುಗಾಳಿಗೆ ಅದು ಮಾಸೋದು, ಹದ್ದು ಕೂತು ಹಿಕ್ಕೆ ಹಾಕೋದು, ಹಾಗಾಗಿ ಅಮಾವಾಸ್ಯೆಗೊಂದು ಸಲ ಅದನ್ನ ಇಳಿಸಿ ದಂಡೆ ಮೇಲಿನ ಮಡಿವಾಳರ ಮನೆಗೆ ಒಗೆಯೋಕೆ ಕಳಿಸ್ತಿದ್ರಂತೆ. ನಿದ್ದೆ ಬಂತಾ? ಹೂಂ ಅನ್ನು ಮತ್ತೆ.

ಆ ಮನೆ ಸೊಸೆ ಅಕ್ಕಣಿ. ಅತ್ತೆ ಚೌಡು, ಕಣ್ಣು ಮಂಜು, ಬಾಯಿ ಮಾತ್ರ ಜೋರು. ಗಂಡ ದೂಮ, ಒಗೆಯೋ ಕಲ್ಲು ಬಿಟ್ಟು ದೋಣಿ ಹಿಡಿದವನು. ಅಳಿವೆಯಲ್ಲಿ ಎಲ್ಲಿ ಮರಳು ಎದ್ದಿದೆ, ಎಲ್ಲಿ ನೀರು ಆಳ ಅಂತ ಅವನಿಗೇ ಗೊತ್ತು. ಅವನು ಮುಂದೆ ನಿಂತು ದಾರಿ ತೋರಿಸದೆ ಫರಂಗಿ ಹಡಗು ಒಳಗೆ ಬರ್ತಿರಲಿಲ್ಲವಂತೆ.

ಒಂದು ಅಮಾವಾಸ್ಯೆ ದಿನ ಬಾವುಟ ಒಗೆಯೋಕೆ ಬಂತು, ದೂಮ ಹಡಗು ಹತ್ತಿ ಗೋವೆಗೆ ಹೋದ. ಆಮೇಲೆ ಮಾರನೇ ದಿನವೇ ವಲಂದೇಜರು ಅನ್ನೋ ಇನ್ನೊಂದು ದೇಶದ ಟೊಪ್ಪಿಯವರು ದೂರದಲ್ಲಿ ದಡಕ್ಕಿಳಿದು ಬಂದು, ತೋಪು ಹೊಡೆದು, ಕೋಟೆ ಕಿತ್ತುಕೊಂಡರಂತೆ. ಅವರ ಜೊತೆಗೊಬ್ಬ ದುಬಾಸಿ, ಅವರ ಮಾತನ್ನ ನಮಗೆ, ನಮ್ಮ ಮಾತನ್ನ ಅವರಿಗೆ ದಾಟಿಸೋನು, ಯಾವುದೋ ದೂರದ ಬಂದರಿನವನು. ಅವನು ಅಕ್ಕಣಿ ಅಂಗಳಕ್ಕೆ ಬಂದು, ಹಳೇ ಬಾವುಟ ಎಲ್ಲೇ, ಕೊಡು ಅಂದನಂತೆ. ಅದ್ಯಾಕೆ ಒಡೆಯಾ ಅಂತ ಇವಳು ಕೇಳಿದ್ಲು. ಅವನು ಎಲೆಅಡಿಕೆ ಉಗಿದು ನಕ್ಕನಂತೆ. ಅದನ್ನೇ ಮತ್ತೆ ಏರಿಸ್ತೀವಿ, ಫರಂಗಿ ಹಡಗು ತಮ್ಮ ಮನೆ ಅಂದ್ಕೊಂಡು ಒಳಗೆ ಬರುತ್ತೆ, ಆಮೇಲೆ ಒಂದು ನರಪಿಳ್ಳೆಯೂ ತಿರುಗಿ ಹೋಗಲ್ಲ ಅಂದನಂತೆ. ಆ ಹಡಗಿನ ಮುಂದೆ ನಿಂತಿರೋನು ಅವಳ ದೂಮ.

ಮೊದಲನೇ ದಿನ, ಉಬ್ಬೆ ಮಡಕೆಯಲ್ಲಿ ಬೂದಿನೀರಿಗೆ ಹಾಕಿದೀನಿ, ಬೇಯ್ತಾ ಇದೆ ಅಂದ್ಲಂತೆ. ಎರಡನೇ ದಿನ, ಇನ್ನೂ ಹಸಿ ಇದೆ, ಹಸಿ ಬಾವುಟ ಗಾಳಿಗೆ ಏಳೋದಿಲ್ಲ ಒಡೆಯಾ ಅಂದ್ಲಂತೆ. ಮೂರನೇ ದಿನ ಅವನು ಸಿಪಾಯಿಗಳನ್ನ ತಂದು, ನಿನ್ನ ಕುತ್ತಿಗೆಗೇ ಅಂತ ಕೋಟೆ ಬಾಗಿಲ ಹುಣಿಸೆಮರಕ್ಕೆ ಹಗ್ಗ ಬಿಗಿಸಿಯಾಗಿದೆ ಅಂದು, ಮಡಕೆ ಒದ್ದು, ಗಂಟು ಬಿಚ್ಚಿ, ಬಾವುಟ ಎತ್ಕೊಂಡೇ ಹೋದನಂತೆ. ಅದು ಮೇಲೇರಿ ಪಟಪಟ ಅನ್ನೋಷ್ಟರಲ್ಲಿ ದೂರದಲ್ಲಿ ಹಾಯಿ ಕಾಣಿಸ್ತಂತೆ.

ಈಗ ಕೇಳು. ಆ ಊರಲ್ಲೊಂದು ಪದ್ಧತಿ. ಅಳಿವೆ ದಿಣ್ಣೆ ಮೇಲೆ ಮಡಿವಾಳರೆಲ್ಲ ದಿನಾ ಬಟ್ಟೆ ಹರವೋರು, ಕಡಲಿಂದ ನೋಡಿದ್ರೆ ಕೊಕ್ಕರೆ ಹಿಂಡು ಕೂತ ಹಾಗೆ ಬೆಳ್ಳಗೆ. ಊರಲ್ಲಿ ಸಾವಾದ್ರೆ ಮಾತ್ರ ಒಬ್ಬರೂ ಹರವೋ ಹಾಗಿಲ್ಲ. ದಿಣ್ಣೆ ಬರಿದಾಗಿದ್ರೆ ಹೆಣ ಸುಡೋ ತನಕ ಯಾವ ಅಂಬಿಗನೂ ಅಳಿವೆ ದಾಟ್ತಿರಲಿಲ್ಲವಂತೆ. ದಾಟಿದ್ರೆ ಅಳಿವೆಯಮ್ಮ ದೋಣಿ ನುಂಗ್ತಾಳೆ ಅಂತ ಭಯ.

ಅಕ್ಕಣಿ ದಿಣ್ಣೆ ನೋಡ್ತಾಳೆ, ಹಾಯಿ ನೋಡ್ತಾಳೆ. ಯಾರೂ ಸತ್ತಿಲ್ವಲ್ಲ ಅತ್ತೆ ಅಂತ ಅತ್ತಳಂತೆ. ಚೌಡು ಒಲೆ ಮುಂದಿಂದ ಎದ್ದು ಬಂದು ಚಾಪೆ ಮೇಲೆ ಉದ್ದಕ್ಕೆ ಮಲಗಿದ್ಲಂತೆ.

ನಾನು ಸತ್ತೆ. ಬಾಯಿ ಬಡ್ಕೋ ಹೋಗೇ.

ಬಿಡ್ತು ಅನ್ನಿ ಅತ್ತೆ.

ಮದುವೆಯಾಗಿ ಬಂದಾಗಿಂದ ಈ ಮುದುಕಿ ಯಾವಾಗ ಹೋಗ್ತಾಳೋ ಅಂತ ಗೊಣಗ್ತಿದ್ದೆಯಲ್ಲ, ಈಗೇನು ಬಂತು? ಹತ್ತಿ ತಾ, ಮೂಗಿಗಿಡು.

ಅಕ್ಕಣಿ ಅಂಗಳಕ್ಕೆ ಬಂದು ಎದೆ ಬಡ್ಕೊಂಡು ಕೂಗಿದ್ಲು ನೋಡು, ದಿಣ್ಣೆ ಮೇಲಿನ ಬಟ್ಟೆಯೆಲ್ಲ ಗಳಿಗೆಯೊಳಗೆ ಮಾಯ. ದುಬಾಸಿಗೆ ಅನುಮಾನ ಬಂತಂತೆ. ಬೆಳಗ್ಗೆ ನನ್ನನ್ನೇ ಬೈದ ಮುದುಕಿ ಈಗ ಹೇಗೆ ಸತ್ತಳು ಅಂತ, ಚುಟ್ಟಾ ಸೇದ್ತಿದ್ದ ವಲಂದೇಜ ಸರದಾರನನ್ನ ಕರ್ಕೊಂಡೇ ಬಂದನಂತೆ. ಮುಟ್ಟಿದ್ರೆ ಮೈಲಿಗೆ ಅಂತ ತಾನು ಹೊಸಿಲಾಚೆಯೇ ನಿಂತ.

ಸರದಾರ ಮೊದಲು ಕಿವಿ ಹತ್ತಿರ ಕತ್ತಿ ಒರೆಯಿಂದ ಎಳೆದ. ಚೌಡು ಅಲ್ಲಾಡಲಿಲ್ಲ. ಆಮೇಲೆ ಮುಖಕ್ಕೆ ತಣ್ಣೀರು ಎರಚಿದ. ಅಲ್ಲಾಡಲಿಲ್ಲ. ಆಮೇಲೆ ಬಗ್ಗಿ, ಚುಟ್ಟಾದ ಕೆಂಡವನ್ನ ಅಂಗಾಲಿಗೆ ಒತ್ತಿದ. ಅಕ್ಕಣಿ ಸೆರಗು ಬಾಯಿಗೆ ತುರುಕ್ಕೊಂಡು ಅತ್ತೆ ರೆಪ್ಪೆಯನ್ನೇ ನೋಡ್ತಿದ್ಲು. ಚರ್ಮ ಸುಟ್ಟ ವಾಸನೆ ಬಂತಂತೆ. ಹುಟ್ಟಿದಾರಭ್ಯ ಉಬ್ಬೆ ಒಲೆಯ ಬಿಸಿಬೂದಿ ತುಳಿದ ಕಾಲು ಮಗಾ ಅದು, ಮರದ ಹಾಗೆ ಗಡುಸು. ರೆಪ್ಪೆ ಅದುರಲಿಲ್ಲ. ಸರದಾರ ಚುಟ್ಟಾ ಬಿಸಾಕಿ ಹೊರಗೆ ಹೋದ.

ಅತ್ತ ಹಡಗಲ್ಲಿ, ನಮ್ಮ ಬಾವುಟ ಹಾರ್ತಾ ಇದೆ, ಒಳಗೆ ನಡಿ ಅಂತ ಫರಂಗಿ ನಾಯಕ ಅವಸರ ಮಾಡಿದನಂತೆ. ದೂಮ ಬರೀ ದಿಣ್ಣೆ ನೋಡಿದ. ಊರಲ್ಲಿ ಹೆಣ ಇದೆ, ನನ್ನ ಕಡಿದ್ರೂ ದಾಟಲ್ಲ ಅಂದನಂತೆ. ನಾಯಕ ಬೈದ, ಹೊಡೆದ, ಹಡಗು ನಿಂತಲ್ಲೇ ನಿಂತಿತು. ಇತ್ತ ಕೋಟೆಯ ತೋಪಿನವನಿಗೆ ಕಾದು ಕಾದು ಕೈ ತಡೀಲಿಲ್ಲ. ಢಂ ಅನ್ನಿಸಿದ. ಗುಂಡು ಅರ್ಧ ದಾರಿಯಲ್ಲೇ ನೀರಿಗೆ ಬಿತ್ತಂತೆ. ಫರಂಗಿಗೆ ಮೋಸ ತಿಳೀತು, ಹಾಯಿ ತಿರುಗಿಸಿ ಓಡಿದ. ಕೋಟೆಯೊಳಗೆ ಬೈಗುಳವೆಲ್ಲ ಆ ತೋಪಿನವನ ಪಾಲಿಗೆ. ಮಡಿವಾಳರ ಹೆಂಗಸನ್ನ ಯಾರು ನೆನೆಸ್ತಾರೆ?

ಸಂಜೆ ಹೆಣದ ಬದಲು ಹಳೇ ಚಾಪೆ, ಚಿಂದಿ ಕಟ್ಟಿ ಸುಟ್ಟರಂತೆ. ಚೌಡು ಅಟ್ಟ ಹತ್ತಿದ್ಲು. ಸತ್ತವಳು ಕೆಮ್ಮೋ ಹಾಗೂ ಇಲ್ಲ. ಕೆಳಗೆ ಸಿಪಾಯಿ ಹೆಜ್ಜೆ ಕೇಳಿದಾಗೆಲ್ಲ ಅಕ್ಕಣಿ ಬೇಕಂತಲೇ ಬಟ್ಟೆ ಬಡಿಯೋಳಂತೆ.

ಮಳೆಗಾಲ ಕಳೀತು. ಆಮೇಲೆ ಇಂಗ್ರೇಜಿಯವರು ಬಂದ್ರು, ಮೂರನೇ ಬಾವುಟ ಏರ್ತು, ವಲಂದೇಜರ ಹಿಂದೆ ದುಬಾಸಿಯೂ ಹಡಗು ಹತ್ತಿ ಹೋದ. ಆವಾಗ ದಡದ ದಾರಿ ಹಿಡಿದು ದೂಮ ಬಂದನಂತೆ. ಸತ್ತದ್ದು ನಿನ್ನ ತಾಯಿಯೇ ಅಂತ ದಾರಿಯಲ್ಲಿ ಯಾರೋ ಅಂದಿದ್ರು, ತಲೆ ಬೋಳಿಸ್ಕೊಂಡು, ಅಳ್ತಾ ಬಂದು ಹೊಸಿಲಲ್ಲಿ ಕುಸಿದ. ಅಟ್ಟದಿಂದ ದನಿ ಬಂತು.

ಯಾರೇ ಅಕ್ಕಣಿ ಅದು, ಬೋಳಮಂಡೆ? ಅಳೋದಾದ್ರೆ ಆಚೆ ಅಳು ಅನ್ನು. ಮೊದಲು ನನಗೆ ಏಣಿ ಇಡಿ.

ಮಾರನೇ ದಿನ ಹೊಸ ಬಾವುಟ ಒಗೆಯೋಕೆ ಬಂತಂತೆ. ಅಕ್ಕಣಿ ಅದನ್ನ ಒಗೆದು, ಗಂಡನ ಪಂಚೆ ಅತ್ತೆ ಸೀರೆ ನಡುವೆ ದಿಣ್ಣೆ ಮೇಲೆ ಹರವಿದ್ಲು. ಅವರ ಬಟ್ಟೆ ಒಣಗ್ತು, ನಮ್ಮ ಕತೆ ಮುಗೀತು, ನೀನಿನ್ನು ಕಣ್ಣು ಮುಚ್ಚು.