ಓಗೊಡಲು ಬಿಡದ ನವಿಲು

ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವ ತಂಡಕ್ಕೆ ಮುದಿ ಹೆಣ್ಣಾನೆಯೇ ಗುರು. ಹೊಸದಾಗಿ ಸೇರಿದ ನವಿಲಿಗೆ ಒಂದೇ ಪಾಠವನ್ನು ಹೇಳಿ ಹೇಳಿ ಆನೆಗೆ ಸಾಕಾಗಿಹೋಗಿತ್ತು: “ಒಂದು ಸಲ ಕೂಗು. ಆಮೇಲೆ ಬಾಯಿ ಮುಚ್ಚಿಕೊಂಡು ಕಿವಿಗೊಡು.”

ಒಂದು ದಿನ ಜಿಂಕೆಮರಿ ಕಾಣೆಯಾಯಿತು. ನವಿಲು ಬಂಡೆಯೇರಿ ಬೆಳಗಿನಿಂದ ಬಿಡುವಿಲ್ಲದೆ ಕೂಗಿತು. “ನನ್ನಷ್ಟು ದುಡಿದವರು ಯಾರಿದ್ದಾರೆ, ಆನೆಯಜ್ಜಿ?” ಎಂದು ಬೇರೆ ಕೇಳಿತು.

ರೋಸಿಹೋದ ಆನೆ ಸೊಂಡಿಲಿನಿಂದ ಅದರ ಕೊಕ್ಕನ್ನು ಅದುಮಿ ಹಿಡಿಯಿತು. ಕಾಡು ನಿಶ್ಶಬ್ದವಾಯಿತು. ಅದೇ ಬಂಡೆಯ ಬಿರುಕಿನೊಳಗಿಂದ ಸೋತ ದನಿಯೊಂದು ಬಂತು: “ಬೆಳಗಿನಿಂದ ಓಗೊಡುತ್ತಲೇ ಇದ್ದೇನೆ.”

ಮರಿಯನ್ನು ಮೇಲೆತ್ತಲು ಆನೆ ಕೊಕ್ಕನ್ನು ಬಿಟ್ಟದ್ದೇ ತಡ, ನವಿಲು ಕಿರುಚಿತು: “ಸಿಕ್ಕಿತು! ನನ್ನ ಕೂಗಿನಿಂದಲೇ ಸಿಕ್ಕಿತು!”

ಜಿಂಕೆಮರಿ ಬಿರುಕಿನೊಳಗಿಂದಲೇ ಹೇಳಿತು: “ಅಜ್ಜಿ, ನಾನು ಹೇಗೋ ಹತ್ತಿ ಬರುತ್ತೇನೆ. ನೀವು ಮೊದಲು ಆ ಕೊಕ್ಕು ಹಿಡಿಯಿರಿ.”