ಸಾಕವ್ವನ ಪಥ್ಯದ ತುಪ್ಪ

ನಗೋದಿದ್ದರೆ ಈಗಲೇ ನಕ್ಕುಬಿಡಿ, ಕತೆ ಮುಗಿಯೋ ಹೊತ್ತಿಗೆ ಆಗಲಿಕ್ಕಿಲ್ಲ. ಒಂದೂರಲ್ಲಿ ಸಾಕವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮುದ್ದೀರ. ಎತ್ತಿನಂಥ ಮೈ, ಕೂಸಿನಂಥ ಬುದ್ಧಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವಳಿಗೆ ದೊಡ್ಡ ಗೋಳು. "ನಾನು ಕಣ್ಣು ಮುಚ್ಚುದ್ರೆ ಇವನಿಗೆ ಯಾರು ಹೇಳ್ಕೊಡ್ತಾರೆ" ಅಂತ ದಿನಾ ಕೊರಗುತ್ತಿದ್ದಳು.

ಹೀಗಿರುವಾಗ ಸಾಕವ್ವ ಹಾಸಿಗೆ ಹಿಡಿದಳು. ಪಂಡಿತ ಬಂದ, ನಾಡಿ ನೋಡಿದ, ಪಥ್ಯ ಹೇಳಿದ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಎಣ್ಣೆ ಮೂಸುವಂತಿಲ್ಲ. ಮೆತ್ತಗೆ ಬೆಂದ ಅನ್ನ, ಅದಕ್ಕೆ ಮನೆಯಲ್ಲೇ ಕಾಯಿಸಿದ ತುಪ್ಪ, ಅಷ್ಟೇ. "ಸಂತೆ ತುಪ್ಪ ಮುಟ್ಟಿಸಬೇಡ. ಮನೆ ತುಪ್ಪ ಹೊಟ್ಟೆಗೆ ಬಿದ್ರೆ ಎದ್ದಾಳು" ಅಂದ. ಮನೆಯಲ್ಲಿ ಎಮ್ಮೆ ಇತ್ತು, ಹಾಲಿತ್ತು. ಕಾಯಿಸೋದಕ್ಕೆ ಮುದ್ದೀರನ ಕೈ ಬಿಟ್ಟರೆ ಬೇರೆ ಕೈ ಇರಲಿಲ್ಲ.

"ಮೊಸರು ಕಡೆ ಮಗ. ಬೆಣ್ಣೆ ಬಂದ ಕೂಡ್ಲೆ ತಣ್ಣೀರಿಗೆ ಹಾಕು" ಅಂದಳು ಸಾಕವ್ವ.

ಕಡೆದ. ಬೆಣ್ಣೆ ಬಂತು. ತಣ್ಣೀರು ಎಲ್ಲಿದೆ? ಬಾವಿಯಲ್ಲಿದೆ. ಹೋಗಿ ಬಾವಿಗೆ ಹಾಕಿ ಬಂದ.

"ಹೇಳ್ದಂಗೇ ಮಾಡ್ದೆ ಕಣವ್ವ."

"ಅಯ್ಯೋ ನನ್ನ ಪೆದ್ದಪ್ಪ, ಬಾವಿಗೆ ಹಾಕು ಅಂದ್ನೇನೋ? ಬೆಣ್ಣೆ ಕೈಗೆ ಸಿಗೋ ಹಂಗಿರ್ಬೇಕು, ಕಣ್ಣೆದುರಿಗೇ ಇರ್ಬೇಕು."

"ಆಗ್ಲವ್ವ. ಇನ್ನೊಂದು ಸಲ ಹಂಗೇ ಮಾಡ್ತೀನಿ."

ಇನ್ನೊಂದು ಸಲಕ್ಕೆ ಮತ್ತೆ ಹಾಲು ಹೆಪ್ಪಾಗಬೇಕು, ಕೆನೆ ಕೂಡಬೇಕು. ಅಲ್ಲಿಯವರೆಗೆ ಸಾಕವ್ವ ಬರೀ ಸಪ್ಪೆ ಅನ್ನ ಬಾಯಿಗಿಟ್ಟುಕೊಂಡಳು. ಗಂಟಲಲ್ಲಿ ಇಳಿಯಲಿಲ್ಲ.

ಮತ್ತೆ ಬೆಣ್ಣೆ ಬಂತು. ಮುದ್ದೀರ ಅದನ್ನು ಅಂಗೈಲಿಟ್ಟುಕೊಂಡು ಜಗುಲಿ ಮೇಲೆ ಕೂತ. ರೆಪ್ಪೆ ಬಡಿಯದೆ ನೋಡುತ್ತಲೇ ಇದ್ದ. ಬಿಸಿಲೇರಿತು, ಬೆಣ್ಣೆ ಕರಗಿ ಮೊಣಕೈಗೆ ಇಳಿಯಿತು, ನಾಯಿ ಬಂದು ನೆಕ್ಕಿತು. ಅವನು ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ, ಕಣ್ಣು ಬೆಣ್ಣೆ ಮೇಲೇ ಇರಬೇಕಲ್ಲ.

"ಹೇಳ್ದಂಗೇ ಮಾಡ್ದೆ ಕಣವ್ವ."

"ನನ್ನ ಹಣೆಬರಹವೇ, ಬೆಣ್ಣೆ ಕರಗಿಸೋದು ಕೈಮೇಲೇನೋ? ಪಾತ್ರೆಗೆ ಹಾಕಿ ಒಲೆ ಮೇಲಿಡ್ಬೇಕು. ಚೆನ್ನಾಗಿ ಉರಿ ಹಾಕ್ಬೇಕು."

"ಆಗ್ಲವ್ವ. ಇನ್ನೊಂದು ಸಲ ಹಂಗೇ ಮಾಡ್ತೀನಿ."

ಹಾಗೇ ಮಾಡಿದ. ಮನೆಯಲ್ಲಿದ್ದ ಸೌದೆಯನ್ನೆಲ್ಲ ಒಲೆಗೆ ತುರುಕಿದ. ಉರಿ ಸೂರಿಗೆ ತಾಕುವಷ್ಟು ಎದ್ದಿತು, ತುಪ್ಪ ಸೀದು ಕರ್ರಗಾಯಿತು.

ಈ ಸಲ ಸಾಕವ್ವನಿಗೆ ಬೈಯಲು ತ್ರಾಣವಿರಲಿಲ್ಲ. ಅತ್ತಳು. ಮಗನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

"ಸಣ್ಣ ಉರಿ ಇರ್ಬೇಕು ಮಗ. ಉರಿ ಜಾಸ್ತಿಯಾದ್ರೆ ಸೀದೋಗುತ್ತೆ, ಸೌದೆ ಹಿಂದಕ್ಕೆಳ್ಕೊ. ಅಲ್ಲೇ ಕೂತು ಕಿವಿಗೊಟ್ಟು ಕೇಳು. ಮೊದ್ಲು ಸದ್ದು ಬರುತ್ತೆ. ಸದ್ದು ನಿಂತ್ರೆ ಹದ ಬಂತು ಅಂತ. ಆಗ ಮೆಲ್ಲಗೆ ಕೆಳಕ್ಕಿಳಿಸು. ಬಿಳೀ ಬಟ್ಟೆ ಮುಚ್ಚು."

"ಆಗ್ಲವ್ವ."

ಅದೇನು ಪುಣ್ಯವೋ, ಈ ಸಲ ಎಲ್ಲ ಸರಿಹೋಯಿತು. ಸಣ್ಣ ಉರಿ, ಚಟಪಟ ಸದ್ದು, ಸದ್ದು ನಿಂತಿತು, ಇಳಿಸಿದ, ಮುಚ್ಚಿದ. ಮನೆಯೆಲ್ಲ ಘಮ್ ಅಂದಿತು. ಬಿಸಿ ಅನ್ನಕ್ಕೆ ತುಪ್ಪ ಕಲಸಿ ತಾಯಿಯ ಬಾಯಿಗಿಟ್ಟ.

"ಈಗ ಕಲ್ತೆ ನೋಡು ಮಗ" ಅಂದಳು ಸಾಕವ್ವ. ತುತ್ತು ತುಟಿಯ ಮೇಲೇ ಉಳಿಯಿತು. ನುಂಗಲು ಆಗಲಿಲ್ಲ. ಉಸಿರು ಗೊರಗೊರ ಅನ್ನತೊಡಗಿತು.

ಸದ್ದು ಬರುತ್ತಿದೆ ಅಂದುಕೊಂಡ ಮುದ್ದೀರ. ಅಲ್ಲೇ ಕೂತು ಕಿವಿಗೊಟ್ಟು ಕೇಳಿದ. ಸದ್ದು ಸಣ್ಣಗಾಯಿತು. ನಿಂತಿತು. ತಾಯಿಯನ್ನು ಎತ್ತಿ ಮಂಚದಿಂದ ಮೆಲ್ಲಗೆ ಕೆಳಗಿಳಿಸಿದ. ಬಿಳೀ ಬಟ್ಟೆ ಮುಚ್ಚಿದ.

ಎದುರುಮನೆಯ ಚಿಕ್ಕತಾಯಿ ಬಂದವಳು ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಕೇಳಿದಳು, "ಇಷ್ಟು ಕ್ರಮವಾಗಿ ಇಳ್ಸಿ ಮುಚ್ಚಿದ್ದೀಯಲ್ಲೋ ಮುದ್ದೀರ, ಯಾರು ಹೇಳ್ಕೊಟ್ರು?"

"ಅವ್ವನೇ" ಅಂದ.

ಊರವರೂ ಬಂದು ನೋಡಿದರು. ಹುಡುಗನಿಗೆ ಅಂತೂ ಬುದ್ಧಿ ಬಂತು ಅಂದರು. ಅವ್ವನ ಬಾಯಿಗೆ ಹೋಗದ ತುಪ್ಪವನ್ನು ಸುಡುಗಾಡಿಗೆ ತಂದು ಸೌದೆಯ ಮೇಲೆ ಸುರಿದರು. ಮಗನ ಕೈಯಿಂದಲೇ ಕೊಳ್ಳಿ ಇಡಿಸಿದರು. ಉರಿ ಧಗ್ ಅಂತ ಎದ್ದಿತು.

ಮುದ್ದೀರ ಓಡಿ ಹೋಗಿ ಉರಿಯುವ ಸೌದೆಯನ್ನು ಬರಿಗೈಯಲ್ಲಿ ಹಿಂದಕ್ಕೆಳೆದ. ಒಂದನ್ನೆಳೆದು ಇನ್ನೊಂದಕ್ಕೆ ಕೈ ಹಾಕಿದ.

"ಉರಿ ಜಾಸ್ತಿಯಾಯ್ತು, ಬಿಡಿ ನನ್ನ. ಸಣ್ಣ ಉರಿ ಅಂತ ಅವ್ವನೇ ಹೇಳವ್ಳೆ. ಸೀದೋಯ್ತಾಳೆ."

ನಾಲ್ಕಾರು ಜನ ಸೇರಿ ಅವನನ್ನು ಈಚೆಗೆಳೆದರು. ಅಂಗೈ ಬೆಂದಿತ್ತು. ಯಾರೂ ಬೈಯಲಿಲ್ಲ. ಮುದ್ದೀರ ಮಾತ್ರ ಉರಿಯ ಕಡೆ ಮುಖ ಮಾಡಿ ಬೈಗುಳಕ್ಕೆ ಕಾದು ನಿಂತ.

"ಹೇಳ್ದಂಗೇ ಮಾಡ್ದೆ ಕಣವ್ವ" ಅಂದ. ಆಮೇಲೆ ಕೇಳಿದ, "ಇನ್ನೊಂದು ಸಲ ಹೆಂಗೆ ಮಾಡ್ಲಿ, ಹೇಳವ್ವ."